ದೇವರಾಯನದುರ್ಗಕ್ಕೆ ವ್ಯೂಪಾಯಿಂಟ್ ಮಾತು ಸಾಕು, ಚಿಲುಮೆ ಕಡೆ ನೋಡಿ

ತುಮಕೂರಿನ ಜಿಲ್ಲಾಧಿಕಾರಿಗಳಿಗೆ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳಿಗೆ, ಪ್ರವಾಸೋದ್ಯಮ ಇಲಾಖೆಯವರಿಗೆ, ಜೊತೆಗೆ ಭಾನುವಾರ ಬಂತೆಂದರೆ ಬೆಟ್ಟದ ದಾರಿ ಹಿಡಿಯುವ ನಮ್ಮೆಲ್ಲರಿಗೆ,

ನಮಸ್ಕಾರ.

ದೇವರಾಯನದುರ್ಗಕ್ಕೆ ಏನು ಬೇಕು ಅಂತ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಮ್ಮಿ ಒಂದೇ. ರಸ್ತೆ ಅಗಲ ಆಗಬೇಕು. ಪಾರ್ಕಿಂಗ್ ಜಾಸ್ತಿ ಆಗಬೇಕು. ಒಂದು ಒಳ್ಳೆ ವ್ಯೂಪಾಯಿಂಟ್ ಬೇಕು, ಅದಕ್ಕೆ ಸ್ಟೀಲ್ ಕಂಬಿ ಬೇಕು, ಸೆಲ್ಫಿಗೆ ಒಂದು ದೊಡ್ಡ ಫಲಕ ಇದ್ದರೆ ಇನ್ನೂ ಚೆಂದ. ಟೀ ಅಂಗಡಿಯಲ್ಲೂ ಇದೇ ಮಾತು, ಓದಿಕೊಂಡವರ ಬಾಯಲ್ಲೂ ಇದೇ ಮಾತು. ಈ ಪಟ್ಟಿಯಲ್ಲಿ ನೀರಿನ ಹೆಸರು ಮಾತ್ರ ನಾನು ಕೇಳಿಲ್ಲ. ಅದಕ್ಕೇ ಈ ಕಾಗದ.

ನಾನು ತುಮಕೂರಿನವನು. ಬೆಟ್ಟ ಸುತ್ತುವ ಚಟ ಇದೆ. ಪರಿಸರ ತಜ್ಞನಲ್ಲ, ಯಾವ ಸಂಘದ ಪದಾಧಿಕಾರಿಯೂ ಅಲ್ಲ. ನಮ್ಮೂರಿನ ಬೆಟ್ಟವನ್ನು ವರ್ಷದ ಎಲ್ಲಾ ತಿಂಗಳಲ್ಲೂ ನೋಡಿದ್ದೇನೆ, ಅಷ್ಟೇ ಅರ್ಹತೆ.

ಊರಿನಿಂದ ಸುಮಾರು 15 ಕಿಲೋಮೀಟರ್ ದೂರದ ಈ ಬೆಟ್ಟ ಎತ್ತರದಲ್ಲಿ 3,900 ಅಡಿ ಆಸುಪಾಸು. ಮಲೆನಾಡಿನವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಇದರ ಕೆಲಸ ನೋಡಿ. ಬೆಟ್ಟದ ಒಂದು ಮಗ್ಗುಲಿನ ನೀರು ಜಯಮಂಗಲಿಯಾಗಿ ಉತ್ತರಕ್ಕೆ ಹೊರಟು, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಆಂಧ್ರದ ಕಡೆ ಉತ್ತರ ಪಿನಾಕಿನಿಗೆ ಸೇರುತ್ತದೆ. ಇನ್ನೊಂದು ಮಗ್ಗುಲಿನ ನೀರು ಶಿಂಷೆಯಾಗಿ ದಕ್ಷಿಣಕ್ಕೆ ತಿರುಗುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮದ್ದೂರನ್ನು ಹಾದು, ಕಾವೇರಿಗೆ ಹೋಗುತ್ತದೆ. ಮದ್ದೂರಿನಲ್ಲಿ ರೈಲು ನಿಂತಾಗ ವಡೆ ತಿನ್ನುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಆ ಹೊಳೆಯ ತವರು ನಮ್ಮ ಬೆಟ್ಟ ಅಂತ? ಇದೇ ಬೆಟ್ಟದ ನೆತ್ತಿಯ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿಗಳಲ್ಲಿ ಒಂದರ ದಾರಿ ನೆಲ್ಲೂರಿನ ಕಡೆಯ ಸಮುದ್ರಕ್ಕೆ, ಇನ್ನೊಂದರ ದಾರಿ ತಮಿಳುನಾಡಿನ ಪೂಂಪುಹಾರ್ ಕಡೆಯ ಸಮುದ್ರಕ್ಕೆ.

ಇಂಥ ಬೆಟ್ಟವನ್ನು ನಾವು ಬರೀ 'ನೋಡೋ ಜಾಗ' ಮಾಡಿಟ್ಟಿದ್ದೇವೆ.

ನೋಡೋದಕ್ಕೇನೂ ಕಮ್ಮಿ ಇಲ್ಲ, ಅದನ್ನೂ ಹೇಳಬೇಕು. ಭೋಗ ನರಸಿಂಹನ ಗುಡಿಯಿಂದ ಮೇಲೆ ಯೋಗ ನರಸಿಂಹನ ಗುಡಿವರೆಗೆ ಹತ್ತಿ, ಬಂಡೆಯ ಅಂಚಿಗೆ ಹೋಗದೆ ಸ್ವಲ್ಪ ಹಿಂದೆ ನಿಂತರೆ ಸಾಕು. ದಕ್ಷಿಣಕ್ಕೆ ಶಿವಗಂಗೆ, ಉತ್ತರಕ್ಕೆ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ ಕಡೆಯ ಕಲ್ಲು ಬೆಟ್ಟಗಳು. ಪಶ್ಚಿಮಕ್ಕೆ ನಮ್ಮ ತುಮಕೂರು, ದಿನದಿಂದ ದಿನಕ್ಕೆ ಹತ್ತಿರ ಬರುತ್ತಿರುವ ಹಾಗೆ ಕಾಣುತ್ತದೆ. ಮಳೆ ಬಂದು ಗಾಳಿ ತೊಳೆದ ಮಾರನೇ ಬೆಳಿಗ್ಗೆ ಪೂರ್ವಕ್ಕೆ ನಂದಿಯೂ ಕಾಣಬಹುದು. ಚಿಕ್ಕದೇವರಾಜ ಒಡೆಯರು ಈ ದುರ್ಗ ಗೆದ್ದಿದ್ದು ಸುಮ್ನೆ ಅಲ್ಲ. ಇಲ್ಲಿ ಕೂತವನಿಗೆ ಸುತ್ತಲಿನ ಸೀಮೆಯೆಲ್ಲ ಕಣ್ಣಳತೆಯಲ್ಲಿರುತ್ತದೆ. ಈ ನೋಟಕ್ಕೆ ಕಾಂಕ್ರೀಟ್ ಕಟ್ಟೆ ಯಾಕೆ ಬೇಕು? ಬಂಡೆಯೇ ಇದೆಯಲ್ಲ. ಅಪಾಯದ ಅಂಚಿನಲ್ಲಿ ಒಂದು ಕಂಬಿ ಹಾಕಿ, ಬೇಡ ಅನ್ನಲ್ಲ. ಅಲ್ಲಿಗೆ ಸಾಕು.

ಈಗ ಕೆಳಗೆ ಬನ್ನಿ. ನಾಮದ ಚಿಲುಮೆಗೆ.

ಕಥೆ ನಿಮಗೂ ಗೊತ್ತು. ರಾಮ ಇಲ್ಲಿ ತಂಗಿದ್ದಾಗ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗಲಿಲ್ಲ, ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ನೋಡಲು ಹೋದವರಲ್ಲಿ ಅರ್ಧ ಜನ 'ಇಷ್ಟೇನಾ?' ಅನ್ನುತ್ತಾರೆ. ನಿಜ, ಇಷ್ಟೇ. ಬಂಡೆಯಲ್ಲಿ ಒಂದು ಸಣ್ಣ ಕುಳಿ, ಅದರಲ್ಲಿ ನೀರು. ಜಲಪಾತ ನೋಡಿ ಬಂದ ಕಣ್ಣಿಗೆ ಇದು ಏನೂ ಅಲ್ಲ. ಹಾಗಾಗಿ ಒಂದು ಫೋಟೋ ತೆಗೆದು ಪಕ್ಕದ ಜಿಂಕೆವನಕ್ಕೆ ಹೋಗುತ್ತಾರೆ. ಜಿಂಕೆ ಕಣ್ತುಂಬ ಕಾಣುತ್ತದೆ, ಚಿಲುಮೆ ಕಾಣಲ್ಲ. ನಿಂತು ನೋಡಿದರೆ ಮಾತ್ರ ಪ್ರಶ್ನೆ ಹುಟ್ಟುತ್ತದೆ: ಸುತ್ತ ಊರುಗಳಲ್ಲಿ ನೂರಾರು ಅಡಿ ಬೋರ್ ಕೊರೆದರೂ ಬರೀ ದೂಳು ಏಳುವ ಸೀಮೆಯಲ್ಲಿ ಈ ಕಲ್ಲಿನೊಳಗೆ ನೀರು ಎಲ್ಲಿಂದ ಬಂತು?

ಗ್ರಾನೈಟ್ ಕಲ್ಲಿಗೆ ನೀರು ಹೀರುವ ಗುಣ ಇಲ್ಲ. ರಾಮನಗರದ ಕಡೆಯಿಂದ ಶಿವಗಂಗೆ, ಮಧುಗಿರಿ, ಪಾವಗಡದವರೆಗೆ ಉದ್ದಕ್ಕೆ ಹೋಗುವ ಈ ಬಂಡೆಸಾಲನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಗಟ್ಟಿ ಕಲ್ಲು. ಇದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಮೇಲೆ ಶಿಥಿಲವಾಗಿ ಮಣ್ಣಾದ ಪದರದಲ್ಲಿ ಮಾತ್ರ. ಮೇಲಿನ ಇಳಿಜಾರಿನಲ್ಲಿ ಗಿಡ, ಹುಲ್ಲು, ಉದುರಿದ ಎಲೆ ಇದ್ದರೆ ಮಳೆ ನಿಧಾನಕ್ಕೆ ಇಂಗುತ್ತದೆ. ಇಂಗಿದ್ದು ಬಿರುಕು ಹಿಡಿದು ಇಳಿಯುತ್ತದೆ. ಮುಂದೆ ದಾರಿ ಇಲ್ಲದ ಗಟ್ಟಿ ಬಂಡೆ ಅಡ್ಡ ಬಂದ ಕಡೆ ಹೊರಗೆ ಜಿನುಗುತ್ತದೆ. ಅದೇ ಒರತೆ. ಮಳೆಗಾಲದಲ್ಲಿ ಕಟ್ಟಿದ ಚೀಟಿ ಬೇಸಿಗೆಯಲ್ಲಿ ಕೈಗೆ ಬಂದ ಹಾಗೆ. ಮೇಲಿನ ಇಳಿಜಾರು ಬೋಳಾದರೆ ಕಟ್ಟುವುದೂ ಇಲ್ಲ, ಬರುವುದೂ ಇಲ್ಲ.

ಅಂದರೆ ಚಿಲುಮೆಯ ಸುತ್ತ ಎಷ್ಟೇ ಚೆಂದದ ಕಟ್ಟೆ ಕಟ್ಟಿ, ಟೈಲ್ಸ್ ಹಾಕಿ, ದೀಪ ಹಾಕಿ, ಅದರಿಂದ ಚಿಲುಮೆಗೆ ಒಂದು ಲೋಟ ನೀರೂ ಹೆಚ್ಚು ಬರಲ್ಲ. ಚಿಲುಮೆ ಉಳಿಯುವುದೋ ಬತ್ತುವುದೋ ತೀರ್ಮಾನ ಆಗುವುದು ಅದರ ಮೇಲಿನ ಕಾಡಿನಲ್ಲಿ.

ಆ ಕಾಡಿಗೆ ಈಗ ದೊಡ್ಡ ಶತ್ರು ಬೆಂಕಿ.

ಫೆಬ್ರುವರಿ ಮುಗಿಯುವ ಹೊತ್ತಿಗೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ. ಕೈಯಲ್ಲಿ ಉಜ್ಜಿದರೆ ನಿಂಬೆಯ ವಾಸನೆ ಬರುವ ಹುಲ್ಲು, ಎಣ್ಣೆ ಇರುವ ಹುಲ್ಲು. ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಚಿಗುರಲಿ ಅಂತ ಬೇಕೆಂದೇ ಕಡ್ಡಿ ಗೀರುವವರೂ ಇದ್ದಾರೆ. ಮೋಜಿಗೆ ಬಂದು ಒಲೆ ಹೂಡಿ, ಆರಿಸದೆ ಹೋಗುವವರೂ ಇದ್ದಾರೆ. ಬೆಂಕಿ ಬಿದ್ದ ಒಂದು ಬೇಸಿಗೆಯಾದ ಮೇಲೆ ಮೊದಲ ಜೋರು ಮಳೆಯ ದಿನ ನಾನು ಘಾಟಿ ರಸ್ತೆಯಲ್ಲಿದ್ದೆ. ಸುಟ್ಟ ಇಳಿಜಾರಿನ ಕೆಳಗಿನ ಮೋರಿಯಲ್ಲಿ ಕಪ್ಪು ನೀರು ಭೋರ್ಗರೆಯುತ್ತಿತ್ತು. ಬೊಗಸೆಯಲ್ಲಿ ಹಿಡಿದು ನೋಡಿದರೆ ಬೂದಿ, ಸಣ್ಣ ಕಲ್ಲು, ಸುಟ್ಟ ಹುಲ್ಲಿನ ಬೇರು, ಮಿಕ್ಕಿದ್ದೆಲ್ಲ ಮಣ್ಣು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಮೋರಿಯೂ ನಿಂತಿತು. ಬೆಂಕಿ ಮುಟ್ಟದ ಮುಂದಿನ ತಿರುವಿನಲ್ಲಿ ಅಂಥ ಅಬ್ಬರ ಇರಲೇ ಇಲ್ಲ. ಬಂಡೆಯ ಬುಡದಿಂದ ತಿಳಿ ನೀರು ಸಣ್ಣಗೆ ಜಿನುಗುತ್ತಿತ್ತು. ಸಂಜೆ ನಾನು ಇಳಿಯುವಾಗಲೂ ಜಿನುಗುತ್ತಲೇ ಇತ್ತು. ಎರಡೂ ಕಡೆ ಬಿದ್ದಿದ್ದು ಒಂದೇ ಮಳೆ.

ಹಾಗಾಗಿ ಅರಣ್ಯ ಇಲಾಖೆಯವರಲ್ಲಿ ನನ್ನ ಮೊದಲ ಮನವಿ ಬೆಂಕಿಯದು. ಬೆಂಕಿ ಹರಡದಂತೆ ಹುಲ್ಲು ಸವರಿ ಬೆಂಕಿ ರೇಖೆ ತೆಗೆಯುವ ಕೆಲಸ, ಕಾವಲಿಗೆ ಜನ ಹಾಕುವ ಕೆಲಸ ಹುಲ್ಲು ಪೂರ್ತಿ ಒಣಗುವ ಮೊದಲೇ, ಜನವರಿಯಲ್ಲೇ ಮುಗಿಯಲಿ. ಕಾವಲಿಗೆ ಬೆಟ್ಟದ ಸುತ್ತಲಿನ ಹಳ್ಳಿಗಳ ಹುಡುಗರನ್ನೇ ತೆಗೆದುಕೊಳ್ಳಿ. ಅವರಿಗೆ ಕೂಲಿ ತಡ ಮಾಡದೆ ಕೊಡಿ. ಹೊಗೆ ಎದ್ದ ಕೂಡಲೇ ಅದು ಯಾವ ಕಣಿವೆ, ಯಾವ ಬಂಡೆ ಹಿಂದೆ ಅಂತ ಅವರಿಗೆ ಗೊತ್ತಾಗುತ್ತದೆ, ನಕ್ಷೆ ನೋಡುವವರಿಗೆ ಅಲ್ಲ. ಈ ಬೆಟ್ಟದ ಕುರುಚಲು ಕಾಡನ್ನು ನೋಡಿ 'ಬರೀ ಮುಳ್ಳುಕಂಟಿ' ಅನ್ನುವವರಿದ್ದಾರೆ. ದಿಂಡಿಗ, ಜಾಲಾರಿ, ಮುತ್ತುಗ, ಕಾರೆ, ಬಂದ್ರೆ, ನೆಲಕ್ಕಂಟಿದ ಸಣ್ಣ ಈಚಲು, ಇವೆಲ್ಲ ಕಮ್ಮಿ ಮಳೆಯಲ್ಲಿ ಬದುಕಲು ಕಲಿತ ಗಿಡಗಳು. ಇವನ್ನು ಕಡಿದು ಅಲಂಕಾರದ ಗಿಡ ನೆಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ. ಬಂಡೆ ಮತ್ತು ಕುರುಚಲು ಎರಡೂ ಇರುವ ಇಂಥ ಬೆಟ್ಟಗಳಲ್ಲೇ ಹಳದಿ ಕೊರಳಿನ ಪಿಕಳಾರ ಇರುವುದು. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಸಿಗದ ಹಕ್ಕಿ ಅದು. ಹಕ್ಕಿ ನೋಡುವವರು ದೂರದಿಂದ ಅದಕ್ಕಾಗಿಯೇ ಬರುತ್ತಾರೆ. ಅವರು ಯಾರೂ ವ್ಯೂಪಾಯಿಂಟ್ ಕೇಳಲ್ಲ.

ಎರಡನೇ ಮನವಿ ಸ್ವಲ್ಪ ವಿಚಿತ್ರ ಅನಿಸಬಹುದು. ಬೆಟ್ಟಕ್ಕೆ ಒಬ್ಬ ನೀರುಗಂಟಿ ಬೇಕು.

ಕೆರೆಗೆ ನೀರುಗಂಟಿ ಇದ್ದದ್ದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ತೂಬು ಎತ್ತುವವನು, ಇಳಿಸುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು. ಕೆರೆಯಷ್ಟೇ ಅಲ್ಲ, ಒರತೆ ನೋಡಿಕೊಳ್ಳುವುದೂ ಈ ಜಿಲ್ಲೆಗೆ ಹೊಸದಲ್ಲ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಹಿರಿಯರನ್ನು ತಲಪರಿಗೆ ಅಂದರೇನು ಅಂತ ಕೇಳಿ, ಕೂರಿಸಿಕೊಂಡು ಹೇಳುತ್ತಾರೆ. ಕೆರೆ ಅಂಗಳದಲ್ಲೋ ಹಳ್ಳದ ಬದಿಯಲ್ಲೋ ಒರತೆ ಉಕ್ಕುವ ಜಾಗ. ಅಲ್ಲಿಂದ ತೆಗೆದ ಕಾಲುವೆ. ಆ ಕಾಲುವೆ ನಂಬಿಕೊಂಡ ಗದ್ದೆ, ತೋಟ. ಕರೆಂಟ್ ಬೇಡ, ಮೋಟಾರ್ ಬೇಡ. ನೀರಿಗೆ ಸರದಿ ಇತ್ತು. ವರ್ಷಕ್ಕೊಮ್ಮೆ ನೀರು ಪಡೆಯುವವರೆಲ್ಲ ಸೇರಿ ಹೂಳು ತೆಗೆಯುತ್ತಿದ್ದರು. ಬಾರದ ಮನೆಯವರಿಗೆ ಊರೊಳಗೆ ಮುಖ ತೋರಿಸೋದು ಕಷ್ಟ ಆಗುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಅಂತರ್ಜಲ ಕೆಳಗೆ ಹೋಯಿತು, ಒರತೆ ಬತ್ತಿತು, ಕಾಲುವೆ ಮುಚ್ಚಿತು, ಸರದಿಯ ಲೆಕ್ಕ ಇಟ್ಟವರೂ ಒಬ್ಬೊಬ್ಬರೇ ಹೋದರು. ಇನ್ನೂ ಕೆಲವರು ಇದ್ದಾರೆ. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ ಅನ್ನೋದು ನನ್ನ ಆಸೆ. ಲಕ್ಷಗಟ್ಟಲೆ ಕೊಟ್ಟು ಹೊರಗಿನ ಕನ್ಸಲ್ಟೆಂಟ್ ಕರೆಸುವ ಮೊದಲು ಇವರ ಜಗಲಿಯ ಮೇಲೆ ಒಂದು ಬೆಳಿಗ್ಗೆ ಕೂರಬಹುದಲ್ವಾ?

ಬೆಟ್ಟದ ನೀರುಗಂಟಿಯ ಕೆಲಸ ದೊಡ್ಡದೇನಲ್ಲ. ಬೆಟ್ಟದಲ್ಲಿ ಎಲ್ಲೆಲ್ಲಿ ಒರತೆ ಇದೆ, ದೊಣೆ (ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ) ಇದೆ, ಕಲ್ಯಾಣಿ ಇದೆ, ಎಲ್ಲಕ್ಕೂ ಒಂದು ದಾಖಲೆ ಪುಸ್ತಕ. ತಿಂಗಳಿಗೊಮ್ಮೆ ಅಳತೆ. ಹರಿಯುವ ಒರತೆಯಾದರೆ 10 ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಗಡಿಯಾರ ನೋಡುವುದು. ನಿಂತ ನೀರಾದರೆ ಗುರುತು ಹಾಕಿದ ಕೋಲು ಇಳಿಸಿ ಮಟ್ಟ ಬರೆಯುವುದು. ಎರಡು ಮೂರು ವರ್ಷ ಹೀಗೆ ಬರೆದರೆ ಯಾವ ಚಿಲುಮೆ ಯಾವ ತಿಂಗಳಲ್ಲಿ ಸೊರಗುತ್ತದೆ, ಬೆಂಕಿ ಬಿದ್ದ ವರ್ಷ ಏನಾಯಿತು, ಸುತ್ತ ಹೊಸ ಬೋರ್ ಬಿದ್ದ ಮೇಲೆ ಏನಾಯಿತು, ಎಲ್ಲಾ ಕಣ್ಣಿಗೆ ಕಾಣುತ್ತದೆ. ಊರ್ಡಿಗೆರೆ ಕಡೆಯ ಶಾಲೆಗಳ ಮಕ್ಕಳನ್ನು ಸೇರಿಸಿಕೊಂಡರೆ ವಿಜ್ಞಾನದ ಪಾಠವೂ ಆಯಿತು. ಇದಕ್ಕೆ ಬೇಕಾದ ಸಾಮಾನು ಒಂದು ಬಕೆಟ್, ಒಂದು ಕೋಲು, ಒಂದು ನೋಟ್‌ಬುಕ್.

ಸಿಕ್ಕಿಂನಲ್ಲಿ 2008ರಿಂದ 'ಧಾರಾ ವಿಕಾಸ್' ಅನ್ನೋ ಕಾರ್ಯಕ್ರಮ ನಡೆಸಿದರು. ಬತ್ತುತ್ತಿದ್ದ ಚಿಲುಮೆಗಳನ್ನು ಗುರುತಿಸಿ, ಅವುಗಳ ನೀರು ಎಲ್ಲಿ ಇಂಗುತ್ತದೆ ಅಂತ ಮೊದಲು ಪತ್ತೆ ಮಾಡಿ, ಆ ಇಳಿಜಾರಿನಲ್ಲಿ ಸಣ್ಣ ಸಣ್ಣ ಇಂಗುಗುಂಡಿ ತೋಡಿದರು. ಅಲ್ಲಿನ ಮಳೆ ಬೇರೆ, ಕಲ್ಲು ಬೇರೆ. ಅದನ್ನು ಹಾಗೇ ತಂದು ಇಲ್ಲಿ ಜೆಸಿಬಿ ನುಗ್ಗಿಸಿ ಅಂತ ನಾನು ಹೇಳ್ತಿಲ್ಲ, ದೇವರಾಣೆ ಬೇಡ. ಚಿಲುಮೆಯ ಬಾಯಿ ಬಿಟ್ಟು ಅದರ ತಲೆಯ ಕಡೆ ಹೋದರು ನೋಡಿ, ಆ ಕ್ರಮ ನಮಗೂ ಹೊಂದುತ್ತದೆ.

ಇದನ್ನೆಲ್ಲ ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಎತ್ತಿನಹೊಳೆ ನೀರಿಗಾಗಿ ನಮ್ಮ ಜಿಲ್ಲೆಗಳು ಕಾಯುತ್ತಿರುವುದು ಎಷ್ಟು ವರ್ಷದಿಂದ ಅಂತ ನಿಮಗೇ ಗೊತ್ತು. ಸಕಲೇಶಪುರದ ಘಟ್ಟದಿಂದ 24 ಟಿಎಂಸಿ ನೀರೆತ್ತಿ ಬಯಲುಸೀಮೆಗೆ ತರುವ ಯೋಜನೆ. ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲುವಿನಲ್ಲಿ ಜಲಾಶಯ ಕಟ್ಟುವುದೂ ಮೂಲ ಯೋಜನೆಯಲ್ಲಿತ್ತು. ಬರಲಿ, ಬೇಡ ಅನ್ನುವಷ್ಟು ನೀರು ನಮ್ಮಲ್ಲೇನೂ ಇಲ್ಲ. ಆದರೆ ಅದೇ ಕೊರಟಗೆರೆಯ ಪಕ್ಕದಲ್ಲಿ ಹರಿಯಬೇಕಾದ ಜಯಮಂಗಲಿ ವರ್ಷದ ಬಹುಪಾಲು ಬರೀ ಮರಳು. ಆ ಮರಳನ್ನೂ ಬಿಟ್ಟಿಲ್ಲ ನಾವು. 2022ರ ಮಳೆಗೆ ಹೊಳೆ ತುಂಬಿ ಬಂದಾಗ ಸೇತುವೆ ಮೇಲೆ ನಿಂತು ವಿಡಿಯೋ ಮಾಡಿದೆವು. ಘಟ್ಟದ ನೀರಿಗೆ ಸಾವಿರಾರು ಕೋಟಿ ಸುರಿಯುವವರು ನಮ್ಮದೇ ಬೆಟ್ಟದಲ್ಲಿ ಹುಟ್ಟುವ ಹೊಳೆಯ ತಲೆಗೆ ಒಂದು ಬಕೆಟ್, ಒಂದು ಕೋಲಿನಷ್ಟಾದರೂ ಖರ್ಚು ಮಾಡಬೇಡವೇ?

ಇನ್ನು ಕಾರುಗಳ ವಿಷಯ. ಇಲ್ಲಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು.

ರಜಾ ದಿನ ಘಾಟಿಯಲ್ಲಿ ಮೇಲಿಂದ ಒಂದು ಟೆಂಪೊ ಟ್ರಾವೆಲರ್, ಕೆಳಗಿಂದ ಒಂದು ಬಸ್ಸು ಬಂದರೆ ಮುಗಿಯಿತು. ಹಾರನ್ನು, ಬೈಗುಳ, ಕ್ಲಚ್ ಸುಟ್ಟ ವಾಸನೆ. ರಸ್ತೆ ಅಗಲ ಮಾಡಿದರೆ ಇದು ಸರಿಹೋಗುತ್ತದೆ ಅಂತ ನನಗೆ ಅನಿಸಲ್ಲ. ಅಗಲ ಆದಷ್ಟೂ ಇನ್ನಷ್ಟು ಗಾಡಿ ಬರುತ್ತವೆ. ಅಗಲ ಮಾಡಲು ಇಳಿಜಾರು ಕತ್ತರಿಸಬೇಕು. ಕತ್ತರಿಸಿದ ಕಡೆ ನೀರಿನ ದಾರಿ ತುಂಡಾಗುತ್ತದೆ. ಅದರ ಬದಲು ಶನಿವಾರ, ಭಾನುವಾರ, ಜಾತ್ರೆಯ ದಿನಗಳಲ್ಲಿ ಸ್ವಂತ ಗಾಡಿಗಳನ್ನು ಬುಡದಲ್ಲೇ ನಿಲ್ಲಿಸಿ. ಅಲ್ಲಿಂದ ಮೇಲಕ್ಕೆ ಕೆಎಸ್‌ಆರ್‌ಟಿಸಿಯ ಸಣ್ಣ ಬಸ್ ಓಡಿಸಿ. ವಯಸ್ಸಾದವರು, ಕಾಲು ನೋವಿನವರು, ಹರಕೆ ಹೊತ್ತು ಬಂದ ಬಾಣಂತಿಯರು ಆರಾಮಾಗಿ ಹೋಗಿ ನರಸಿಂಹನ ದರ್ಶನ ಮಾಡಲಿ. ಊರಿನವರ ಗಾಡಿಗೆ ತಡೆ ಬೇಡ. ಉಳಿದವರು, ಕಾಲು ಗಟ್ಟಿ ಇರುವವರು, ನಡೆಯಲಿ.

ನಡೆಯಲು ದಾರಿ ಬೇಕಲ್ಲ. ದಾರಿ ಇದೆ. ಹಳ್ಳಿಯವರು ತಲೆಮಾರುಗಳಿಂದ ಓಡಾಡಿದ ಕಾಲುದಾರಿಗಳಿವೆ. ಈಗ ಆಗುತ್ತಿರುವುದೇನು ಅಂದರೆ, ಯಾವುದೋ ರೀಲ್ಸ್ ನೋಡಿದ ಹುಡುಗರು ಬೆಳಗಿನ ಜಾವ ಮೊಬೈಲ್ ಟಾರ್ಚ್ ಹಿಡಿದು ಎಲ್ಲೆಂದರಲ್ಲಿ ನುಗ್ಗುತ್ತಾರೆ. ಕಾಡಿನಲ್ಲಿ ಚಿರತೆ ಇದೆ, ಕರಡಿ ಇದೆ. ಕತ್ತಲಲ್ಲಿ ಎದುರಾದರೆ ಕರಡಿ ನಿಮ್ಮ ಫಾಲೋವರ್ಸ್ ಎಷ್ಟು ಅಂತ ಕೇಳಲ್ಲ. ಪೂರ್ತಿ ನಿಷೇಧ ಮಾಡಿದರೆ ಕದ್ದು ಹೋಗುತ್ತಾರೆ, ಪೂರ್ತಿ ಬಿಟ್ಟರೆ ಬೆಟ್ಟ ಉಳಿಯಲ್ಲ. ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಈಗ ಆನ್‌ಲೈನ್‌ನಲ್ಲಿ ಬುಕ್ ಮಾಡಿಯೇ ಹೋಗಬೇಕು. ಇಲ್ಲೂ ಒಂದೆರಡು ದಾರಿಗಳನ್ನು ಹಾಗೆ ಅಧಿಕೃತವಾಗಿ ತೆರೆಯಿರಿ. ಬೆಳಕು ಹರಿದ ಮೇಲೆ ಹೊರಡುವುದು, ಬಿಸಿಲೇರುವ ಮೊದಲು ಇಳಿಯುವುದು, ಪ್ರತಿ ಗುಂಪಿನ ಜೊತೆ ಊರಿನ ಒಬ್ಬ ಗೈಡ್. ಬೆಂಕಿಯ ತಿಂಗಳುಗಳಲ್ಲಿ ಮುಚ್ಚಿಬಿಡಿ. ದಾರಿ ಆಯ್ಕೆ ಮಾಡುವಾಗ ಒಂದು ದಾರಿಯಾದರೂ ಒರತೆಗಳನ್ನು ತೋರಿಸುತ್ತಾ ಹೋಗಲಿ. ಎಲ್ಲಾ ದಾರಿಯೂ ನೆತ್ತಿಗೇ ಹೋಗಬೇಕು ಅಂತ ಏನಿಲ್ಲ. ಬೇಸಿಗೆಗೆ ಕಾವಲು ಕಾಯುವ ಹುಡುಗನೇ ಮಳೆಗಾಲದಲ್ಲಿ ಗೈಡ್ ಆದರೆ ಅವನಿಗೆ ವರ್ಷವಿಡೀ ದುಡಿಮೆ. ಬೆಂಕಿ ಬಿದ್ದರೆ ಓಡಿ ಬರಲು ಅವನಿಗೆ ಬೇರೆ ಕಾರಣ ಬೇಕಾಗಲ್ಲ.

ಊರಿನವರೇ ಕಾವಲು ನಿಲ್ಲಬಹುದು ಅನ್ನೋದನ್ನು, ಕಾಡುಪಾಪದ (ದೊಡ್ಡ ಕಣ್ಣಿನ, ರಾತ್ರಿ ಓಡಾಡುವ ಪ್ರಾಣಿ) ವಿಷಯದಲ್ಲಿ ನಮ್ಮದೇ ತಾಲ್ಲೂಕಿನ ನಾಗವಲ್ಲಿ ಮಾಡಿ ತೋರಿಸಿದೆ. ಊರಿನ ಮೇಷ್ಟ್ರು, ಶಾಲೆಯ ಮಕ್ಕಳು ಸೇರಿ ತೋಟದ ಬೇಲಿಯ ಮರಗಳಲ್ಲಿರುವ ಆ ಪುಟ್ಟ ಪ್ರಾಣಿಯನ್ನು ಕಾಪಾಡಿಕೊಂಡು ಬಂದರು. ಅಪಶಕುನ ಅಂತ ಹೆದರುತ್ತಿದ್ದ ಪ್ರಾಣಿಯ ಬಗ್ಗೆ ಜನರ ಮನಸ್ಸು ಬದಲಾಗಿದ್ದು ಊರೊಳಗಿನ ಮಾತಿನಿಂದ, ಬೋರ್ಡಿನಿಂದ ಅಲ್ಲ.

ಬೆಟ್ಟಕ್ಕೆ ಬರುವ ನಮ್ಮವರಿಗೆ ಎರಡೇ ಮಾತು. ಕೋತಿಗಳಿಗೆ ಕುರ್‌ಕುರೆ ಹಾಕಬೇಡಿ. ಪುಣ್ಯ ಅಂತ ನೀವು ಹಾಕಿ ಹೋಗುತ್ತೀರಿ, ಮಾರನೇ ದಿನ ಅವು ಪೂಜೆಗೆ ಬಂದ ಅಜ್ಜಿಯ ಕೈಯಿಂದ ಚೀಲ ಕಿತ್ತುಕೊಳ್ಳುತ್ತವೆ. ಚಿಲುಮೆಯ ನೀರಿಗೆ ನಾಣ್ಯ, ಕುಂಕುಮ, ಶಾಂಪೂ ಯಾವುದನ್ನೂ ಹಾಕಬೇಡಿ. ರಾಮ ನಾಮಕ್ಕೆ ಅಂತ ತೆಗೆದ ನೀರದು, ಸ್ನಾನಕ್ಕಲ್ಲ.

ಜಿಲ್ಲಾಧಿಕಾರಿಗಳೇ, ಮುಂದಿನ ಸಲ ದೇವರಾಯನದುರ್ಗದ ಅಭಿವೃದ್ಧಿ ಅಂತ ಕಡತ ನಿಮ್ಮ ಮೇಜಿಗೆ ಬಂದಾಗ, ಅದರಲ್ಲಿ ಕಾಂಕ್ರೀಟಿಗೆ ಎಷ್ಟು, ಬೆಂಕಿ ಕಾವಲಿಗೆ ಎಷ್ಟು, ಒರತೆಗಳಿಗೆ ಎಷ್ಟು ಅಂತ ಮೂರು ಸಾಲು ಬೇರೆ ಬೇರೆ ಬರೆಸಿ. ಮೂರನೇ ಸಾಲಿನಲ್ಲಿ ಸೊನ್ನೆ ಇದ್ದರೆ ಕಡತ ವಾಪಸ್ ಕಳಿಸಿ. ಒರತೆಗಳ ಪಟ್ಟಿ ಮಾಡಲು ಕೈ ಬೇಕಾದರೆ ನಮ್ಮಂಥ ನಡೆಯುವವರು ಊರಲ್ಲಿ ಎಷ್ಟೋ ಜನ ಇದ್ದೇವೆ. ಸಂಬಳ ಬೇಡ, ಕಾಡಿಗೆ ಹೋಗಲು ಇಲಾಖೆಯ ಅನುಮತಿ ಮತ್ತು ಜೊತೆಗೆ ಒಬ್ಬ ಗಾರ್ಡ್ ಕೊಟ್ಟರೆ ಸಾಕು. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ ಶುರು ಮಾಡಬಹುದು. ಒರತೆಗಳೆಲ್ಲ ಆಗ ಜೀವಂತ ಇರುತ್ತವೆ, ಹುಡುಕುವುದು ಸುಲಭ.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರಿನ ಒಬ್ಬ ನಿವಾಸಿ